ಮಲಿಕ್ ಅಂಬರ್: ಬಿಡುಗಡೆಗೊಂಡ ಗುಲಾಮ, ಬಿಡದ ಹೆಸರು

ಗುಲಾಮರನ್ನು ಬಂಧಮುಕ್ತಗೊಳಿಸುವುದನ್ನು ಇಸ್ಲಾಮ್ ಮಹಾ ಪುಣ್ಯಕಾರ್ಯವೆಂದು ಸಾರಿದೆ. ಝಕಾತ್‌ನ ಹಣವನ್ನು ವೆಚ್ಚ ಮಾಡಬೇಕಾದ ಎಂಟು ಬಾಬತ್ತುಗಳಲ್ಲಿ ಅದೂ ಒಂದು. ಆಣೆ ಮುರಿದವರಿಗೆ, ಕೈತಪ್ಪಿ ಕೊಲೆ ಮಾಡಿದವರಿಗೆ ವಿಧಿಸಿದ ಪ್ರಾಯಶ್ಚಿತ್ತಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ಕೊರಳಿನ ಹಗ್ಗ ಬಿಚ್ಚಲು ಒಂದು ದಿನ ಸಾಕು. ಬಿಚ್ಚಿದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರಿಸಮಾನನೆಂದು ಒಪ್ಪಿಕೊಳ್ಳಲು ಸಮಾಜಕ್ಕೆ ತಲೆಮಾರುಗಳೇ ಬೇಕಾಗುತ್ತವೆ. ದಖ್ಖನ್ನಿನ ಇತಿಹಾಸದಲ್ಲಿ ಮಲಿಕ್ ಅಂಬರ್‌ನ ಬದುಕು ಇದಕ್ಕೊಂದು ಕಣ್ತೆರೆಸುವ ನಿದರ್ಶನ.

ಅವನು ಹುಟ್ಟಿದ್ದು 1548ರ ಸುಮಾರಿಗೆ, ಅಬಿಸೀನಿಯಾದಲ್ಲಿ, ಅಂದರೆ ಇಂದಿನ ಇಥಿಯೋಪಿಯಾದಲ್ಲಿ. ಚಾಪು ಎಂಬುದು ಅವನ ಮೊದಲ ಹೆಸರು. ಬಾಲ್ಯದಲ್ಲಿಯೇ ಗುಲಾಮರ ವ್ಯಾಪಾರಿಗಳ ಕೈಸೇರಿದ. ಕೆಂಪು ಸಮುದ್ರದ ತೀರದ ಮೋಖಾ ಬಂದರಿನಲ್ಲಿ 80 ಗಿಲ್ಡರುಗಳಿಗೆ ಅವನ ಮಾರಾಟವಾಯಿತೆಂದು ಡಚ್ ವ್ಯಾಪಾರಿ ಪೀಟರ್ ವಾನ್ ಡೆನ್ ಬ್ರೂಕ್ ಬರೆದಿಟ್ಟಿದ್ದಾನೆ. ಮುಂದೆ ಬಗ್ದಾದಿನ ಮೀರ್ ಕಾಸಿಮ್ ಎಂಬ ಯಜಮಾನ ಅವನಿಗೆ ವಿದ್ಯೆ ಕಲಿಸಿದ. ಅಲ್ಲಿ ಬಾಲಕ ಇಸ್ಲಾಮ್ ಸ್ವೀಕರಿಸಿ ಅಂಬರ್ ಎನಿಸಿಕೊಂಡ. ಅಂಬರ್ ಎಂದರೆ ಒಂದು ಸುಗಂಧದ್ರವ್ಯ. ಆ ಕಾಲದಲ್ಲಿ ಗುಲಾಮರಿಗೆ ಸುಗಂಧ, ಹೂವು, ರತ್ನಗಳ ಹೆಸರಿಡುವುದು ವಾಡಿಕೆ. ಕೇಳಲು ಇಂಪಾದ ಈ ಹೆಸರೇ ಅವನು ಯಾರೆಂಬುದನ್ನು ಕೊನೆಯವರೆಗೂ ಸಾರುತ್ತಿತ್ತು.

1570ರ ದಶಕದ ಆರಂಭದಲ್ಲಿ ಅಹ್ಮದ್‌ನಗರದ ಪೇಶ್ವೆ ಚಂಗೀಝ್ ಖಾನ್ ಅವನನ್ನು ಕೊಂಡುಕೊಂಡ. ಈ ಪೇಶ್ವೆಯೂ ಹಿಂದೆ ಹಬಶಿ ಗುಲಾಮನಾಗಿದ್ದವನೇ! ಅವನ ಬಳಿ ಸುಮಾರು ಸಾವಿರ ಮಂದಿ ಹಬಶಿ ಗುಲಾಮರಿದ್ದರು. ಅವರ ನಡುವೆ ಅಂಬರ್ ಯುದ್ಧವಿದ್ಯೆಯನ್ನೂ ಆಡಳಿತದ ಒಳಗುಟ್ಟುಗಳನ್ನೂ ಕಲಿತ. 1574-75ರ ಸುಮಾರಿಗೆ ಚಂಗೀಝ್ ಖಾನ್ ತೀರಿಕೊಂಡಾಗ ಅವನ ವಿಧವೆ ಅಂಬರ್‌ನನ್ನು ಬಿಡುಗಡೆ ಮಾಡಿದಳು.

ಅವನೀಗ ಸ್ವತಂತ್ರ. ಆದರೆ ಹೋಗುವುದೆಲ್ಲಿಗೆ? ಹುಟ್ಟಿದ ಊರು ಕಡಲಾಚೆ ಉಳಿಯಿತು. ಈ ನಾಡಿನಲ್ಲಿ ಹೊಲವಿಲ್ಲ, ಮನೆಯಿಲ್ಲ, ಕಷ್ಟಕ್ಕೆ ಆಗುವ ಅಣ್ಣತಮ್ಮಂದಿರಿಲ್ಲ. ಅವನ ಬಳಿಯಿದ್ದದ್ದು ಕತ್ತಿ ಹಿಡಿಯಬಲ್ಲ ತೋಳು ಮಾತ್ರ. ಬಿಡುಗಡೆಯಾದವನು ಅದನ್ನು ಮತ್ತೊಬ್ಬ ದೊರೆಗೆ ಬಾಡಿಗೆಗೆ ಕೊಡಲೇಬೇಕಾಯಿತು. ಹೀಗೆ ಸುಮಾರು ಇಪ್ಪತ್ತು ವರ್ಷ ಅವನು ಬಾಡಿಗೆ ಸೈನಿಕನಾಗಿ ಅಲೆದ. ನಮ್ಮ ಬಿಜಾಪುರದ ಆದಿಲ್ ಶಾಹಿಗಳ ಸೇವೆಯಲ್ಲಿದ್ದುದೂ ಆಗಲೇ. ಮಲಿಕ್ ಎಂಬ ಬಿರುದು ಅವನಿಗೆ ಬಂದದ್ದು ಅಲ್ಲಿಯೇ.

ಆ ಕಾಲದ ಬಿಜಾಪುರದಲ್ಲಿ ಹಬಶಿಗಳಿಗೆ ದೊಡ್ಡ ಹುದ್ದೆಗಳು ಸಿಗುತ್ತಿದ್ದವು. ಇಖ್ಲಾಸ್ ಖಾನ್, ಅವನ ತರುವಾಯ ದಿಲಾವರ್ ಖಾನ್, ಬಾಲಕ ಸುಲ್ತಾನ ಎರಡನೇ ಇಬ್ರಾಹೀಮ್ ಆದಿಲ್ ಶಾಹನ ಹೆಸರಿನಲ್ಲಿ ರಾಜ್ಯವನ್ನೇ ಆಳಿದರು. ಬಂಧುಬಳಗವಿಲ್ಲದವನು ಸಿಂಹಾಸನಕ್ಕೆ ಹಕ್ಕು ಕೇಳಲಾರ ಎಂಬ ಧೈರ್ಯ ದೊರೆಗಳಿಗಿತ್ತು. ಅಂದರೆ ಹಬಶಿಯ ಅನಾಥತನವೇ ಅವನ ಅರ್ಹತೆ. ಆದರೆ ಬಿದ್ದಾಗ ಎತ್ತುವವರೂ ಇಲ್ಲ. ಇಖ್ಲಾಸ್ ಖಾನ್‌ನ ಕಣ್ಣುಗಳನ್ನು ದಿಲಾವರ್ ಖಾನ್ ಕೀಳಿಸಿದ. 1590ರಲ್ಲಿ ದಿಲಾವರ್ ಖಾನ್‌ನ ಅಧಿಕಾರವೂ ಮಣ್ಣುಪಾಲಾಯಿತು.

1595ರ ಸುಮಾರಿಗೆ ಅಂಬರ್ ತನ್ನ ಸಣ್ಣ ಪಡೆಯೊಂದಿಗೆ ಅಹ್ಮದ್‌ನಗರಕ್ಕೆ ಮರಳಿದ. 1600ರಲ್ಲಿ ಅಹ್ಮದ್‌ನಗರದ ಕೋಟೆ ಮೊಗಲರ ವಶವಾಯಿತು. ರಾಜ್ಯ ಮುಗಿಯಿತೆಂದು ಎಲ್ಲರೂ ಕೈಚೆಲ್ಲಿದಾಗ, ಅಂಬರ್ ರಾಜವಂಶದ ಯುವಕನೊಬ್ಬನನ್ನು ಎರಡನೇ ಮುರ್ತಝಾ ನಿಝಾಮ್ ಶಾಹ್ ಎಂದು ಪರಂಡಾದಲ್ಲಿ ಗದ್ದುಗೆಗೇರಿಸಿದ. ತನ್ನ ಮಗಳನ್ನೂ ಅವನಿಗೆ ಮದುವೆ ಮಾಡಿಕೊಟ್ಟ. ಮುಂದಿನ ಕಾಲು ಶತಮಾನ ರಾಜ್ಯದ ನಿಜವಾದ ಒಡೆಯ ಅಂಬರ್‌ನೇ. ಲಘು ಕುದುರೆ ದಂಡಿನ ಮಿಂಚಿನ ದಾಳಿಯಿಂದ ಅವನು ಮೊಗಲರ ಭಾರಿ ಸೈನ್ಯವನ್ನು ಹಣ್ಣು ಮಾಡಿದ. 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ಬಿಜಾಪುರದ ಸೇನೆಗಳೆರಡನ್ನೂ ಒಟ್ಟಿಗೆ ಸೋಲಿಸಿದ. ಮುಂದೆ ಬೆಂಗಳೂರನ್ನು ಜಹಗೀರಾಗಿ ಪಡೆದ ಶಹಾಜಿ ಭೋಂಸ್ಲೆ ಅಂದು ಅವನ ಪರವಾಗಿ ಹೋರಾಡಿದವರಲ್ಲೊಬ್ಬ. ಜಮೀನು ಅಳೆಸಿ ರೈತರ ಕಂದಾಯಕ್ಕೆ ಕ್ರಮ ತಂದ. ಖಡ್ಕಿ ಎಂಬ ನಗರವನ್ನು 1610ರಲ್ಲಿ ಕಟ್ಟಿಸಿ, ನೆಲದಡಿಯ ಕಾಲುವೆಗಳಿಂದ ಜನರಿಗೆ ನೀರು ಹರಿಸಿದ. ಮುಂದೆ ಔರಂಗಾಬಾದ್ ಎಂದು ಹೆಸರಾದದ್ದು ಅದೇ ಊರು.

ಇಷ್ಟಾದರೂ ಜನರ ನಾಲಗೆ ಅವನನ್ನು ಬಿಡುಗಡೆ ಮಾಡಲಿಲ್ಲ.

ಜಹಾಂಗೀರ್ ಬಾದಶಾಹ್ ತನ್ನ ಆತ್ಮಚರಿತ್ರೆಯಲ್ಲಿ ಅಂಬರ್‌ನ ಮೈಬಣ್ಣವನ್ನು ಹಿಡಿದು ಹಳಿದಿದ್ದಾನೆ. ರಣರಂಗದಲ್ಲಿ ಅವನನ್ನು ಮಣಿಸಲಾಗದೆ, ಅವನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ! ವೈರಿಯ ಮಾತು ಹಾಗಿರಲಿ, ತನ್ನ ಮನೆಯಲ್ಲಿಯೇ ಆದದ್ದೇನು? ಮುರ್ತಝಾನ ಪರ್ಶಿಯನ್ ಮೂಲದ ಹಿರಿಯ ಹೆಂಡತಿ, ಅಂಬರ್‌ನ ಮಗಳನ್ನು ಗುಲಾಮ ಹೆಣ್ಣೆಂದು ಹೀಯಾಳಿಸಿದಳೆಂದೂ, ಅದನ್ನು ಕೇಳಿದ ಅಂಬರ್ ಆ ದೊರೆಗೂ ಅವನ ಹೆಂಡತಿಗೂ ವಿಷ ಹಾಕಿಸಿದನೆಂದೂ ವಾನ್ ಡೆನ್ ಬ್ರೂಕ್ ಬರೆದಿದ್ದಾನೆ. ಅದು 1610ರ ಮಾತು. ಈ ಹತ್ಯೆಯನ್ನು ಯಾವ ಧರ್ಮವೂ ಒಪ್ಪದು. ಆದರೆ ತಂದೆ ಬಿಡುಗಡೆಯಾಗಿ ಮೂವತ್ತೈದು ವರ್ಷ ಕಳೆದ ಮೇಲೂ, ಗುಲಾಮಳಾಗಿಲ್ಲದ ಮಗಳು ಆ ಮಾತನ್ನು ಕೇಳಬೇಕಾಯಿತಲ್ಲ! ಹಗ್ಗ ತಂದೆಯ ಕೊರಳಿಂದ ಬಿದ್ದಿತ್ತು. ಅದರ ಗುರುತನ್ನು ಮಗಳ ಕೊರಳಲ್ಲಿಯೂ ಹುಡುಕಲಾಯಿತು.

1626ರಲ್ಲಿ ಅಂಬರ್ ಮರಣ ಹೊಂದಿದ. ಖುಲ್ದಾಬಾದಿನಲ್ಲಿ ಅವನ ಗೋರಿಯಿದೆ. ಮೊಗಲರ ಇತಿಹಾಸಕಾರ ಮುಅ್ತಮದ್ ಖಾನ್ ಅವನ ಪರಾಕ್ರಮವನ್ನೂ ಆಡಳಿತವನ್ನೂ ಮನಸಾರೆ ಹೊಗಳಿದ್ದಾನೆ. ಆದರೆ ಹೊಗಳಿಕೆಯ ಆರಂಭದಲ್ಲಿಯೇ ಅವನು ಗುಲಾಮನೆಂದು ನೆನಪಿಸಲು ಮರೆತಿಲ್ಲ.

ಅಂಬರ್‌ನ ಬದುಕಿನ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅವನೂ ಹಬಶಿ ಯುವಕರನ್ನು ಕೊಂಡು ತನ್ನ ಸೈನ್ಯಕ್ಕೆ ಸೇರಿಸಿದ. ಅವರಿಗೆ ಕುರ್‌ಆನ್ ಕಲಿಸಿದ, ಯುದ್ಧವಿದ್ಯೆ ಕಲಿಸಿದ. ಆದರೆ ಮೋಖಾದ ಸಂತೆಯನ್ನು ಕಂಡಿದ್ದ ಅವನೇ ಆ ಸಂತೆಗೆ ಗಿರಾಕಿಯಾದ. ಒಬ್ಬ ವ್ಯಕ್ತಿ ಬಿಡುಗಡೆಯಾದರೆ ಅನ್ಯಾಯದ ವ್ಯವಸ್ಥೆ ಅಳಿಯುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಮಾದರಿ ಬೇರೆಯೇ ಆಗಿತ್ತು. ಬಂಧಮುಕ್ತರಾದ ಹ. ಝೈದ್(ರ)ರನ್ನು ಅವರು ಸೇನಾಪತಿಯಾಗಿ ಮಾಡಿದರು. ಮುಂದೆ ಝೈದ್‌ರ ಮಗ, ಎಳೆಯ ಹರೆಯದ ಹ. ಉಸಾಮ(ರ)ರ ಕೈಗೂ ಸೇನೆಯನ್ನು ಒಪ್ಪಿಸಿದರು. ಕೆಲವರು ಗೊಣಗಿದಾಗ, ತಂದೆಯೂ ಮಗನೂ ಆ ಸ್ಥಾನಕ್ಕೆ ಅರ್ಹರೆಂದು ಬಹಿರಂಗವಾಗಿ ಸಾರಿದರು. ಬಿಡುಗಡೆ ಪೂರ್ಣವಾಗುವುದು ಹೀಗೆ.

ಇದು ಮುಗಿದುಹೋದ ಕಥೆಯಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದವರು. ಅವರ ಹಿರಿಯರಲ್ಲಿ ಬಹುಮಂದಿ ಪೋರ್ಚುಗೀಸರು ಗೋವೆಗೆ ತಂದ ಗುಲಾಮರು. ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಬ್ರಿಟಿಷ್ ಆಡಳಿತದಲ್ಲಿ 1843ರಲ್ಲಿ, ಪೋರ್ಚುಗೀಸರ ಆಡಳಿತದಲ್ಲಿ 1869ರಲ್ಲಿ ಗುಲಾಮಗಿರಿಯ ವಿರುದ್ಧ ಕಾನೂನು ಬಂತು. ಕಾನೂನು ಅವರಿಗೆ ಭೂಮಿ ಕೊಡಲಿಲ್ಲ. ಆದ್ದರಿಂದ ತಲೆಮಾರುಗಟ್ಟಲೆ ಸಾಲದ ಹೊರೆ ಹೊತ್ತು ಜಮೀನ್ದಾರರ ತೋಟಗಳಲ್ಲಿ ದುಡಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವ ಮುಸ್ಲಿಮ್ ಸಿದ್ದಿಗಳೊಂದಿಗೆ ಇತರ ಮುಸ್ಲಿಮರು ಹೆಣ್ಣು ಕೊಟ್ಟು ತರುವುದು ಮಾತ್ರ ಅಪರೂಪ.

ನಮ್ಮ ಮನೆಗಳಿಗೆ ಸಂಬಂಧ ಕೇಳಿಕೊಂಡು ಬಂದಾಗ ಮೊದಲು ಕೇಳುವ ಪ್ರಶ್ನೆ ಯಾವುದು? ದೀನ್ ಹೇಗಿದೆ, ನಡತೆ ಹೇಗಿದೆ ಎಂದೇ? ಇಲ್ಲವೇ ಹುಡುಗಿಯ ಬಣ್ಣ ಏನು, ಹುಡುಗನ ಅಜ್ಜ ಏನು ಕೆಲಸ ಮಾಡುತ್ತಿದ್ದ ಎಂದೇ? ಮನೆಗೆಲಸದವಳ ಮಗ ಓದಿ ಮೇಷ್ಟ್ರಾದರೂ, ಇಂಥವಳ ಮಗ ಎಂದೇ ಅವನನ್ನು ಗುರುತಿಸುವ ನಾಲಗೆಗೂ ಅಂಬರ್‌ನ ಮಗಳನ್ನು ಹೀಯಾಳಿಸಿದ ನಾಲಗೆಗೂ ಏನು ವ್ಯತ್ಯಾಸ? ಇಂದು ಕೊಂಡು ಬಿಡಿಸಲು ನಮ್ಮ ಸಂತೆಗಳಲ್ಲಿ ಗುಲಾಮರಿಲ್ಲ. ಆದರೆ ನಮ್ಮ ಮಾತಿನ ಹಗ್ಗದಲ್ಲಿ ಸಿಲುಕಿರುವ ಕೊರಳುಗಳಿವೆ. ಅವನ್ನು ಬಿಡಿಸಲು ಹಣ ಬೇಕಿಲ್ಲ, ಮನಸ್ಸು ಬೇಕು. ಆ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.