ಎಡ್ಮಂಡ್ ಗಂಟರನ ಅಳತೆಪಟ್ಟಿ

ಮರದ ಪಟ್ಟಿಯ ಮೇಲೆ ಗೆರೆಗಳನ್ನು ಗುರುತಿಸುವುದು ಬಡಗಿಯ ಕೆಲಸವೋ, ಪಂಡಿತನ ಕೆಲಸವೋ? ಸುಮಾರು ನಾಲ್ಕುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಗಣಿತಜ್ಞನೊಬ್ಬನಿಗೆ ಈ ಪ್ರಶ್ನೆಯೇ ಅಡ್ಡಬಂದಿತು. ಆತನೇ ಎಡ್ಮಂಡ್ ಗಂಟರ್.

1581ರಲ್ಲಿ ಹರ್ಟ್‌ಫರ್ಡ್‌ಷೈರಿನಲ್ಲಿ ಜನಿಸಿದ ಗಂಟರನು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ, 1615ರಲ್ಲಿ ಲಂಡನ್ನಿನ ಇಗರ್ಜಿಯೊಂದರ ಪಾದ್ರಿಯಾದನು. ಆದರೆ ಅವನ ಮನಸ್ಸು ನೆಟ್ಟಿದ್ದುದು ಅಳತೆಯ ಉಪಕರಣಗಳಲ್ಲಿ. 1619ರಲ್ಲಿ ಸರ್ ಹೆನ್ರಿ ಸ್ಯಾವಿಲ್ ಎಂಬ ವಿದ್ವಾಂಸನು ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪೀಠವನ್ನು ಸ್ಥಾಪಿಸಿ, ಪ್ರಾಧ್ಯಾಪಕನ ಆಯ್ಕೆಗಾಗಿ ಗಂಟರನನ್ನು ಕರೆಸಿದನಂತೆ. ಗಂಟರನು ತನ್ನ ಉಪಕರಣಗಳನ್ನು ಮುಂದಿಟ್ಟು, ತ್ರಿಭುಜದ ಲೆಕ್ಕಗಳನ್ನು ಕ್ಷಣದಲ್ಲಿ ಬಿಡಿಸಿ ತೋರಿಸಿದನು. ಸ್ಯಾವಿಲನಿಗೆ ಅದು ಗಾರುಡಿಗನ ಕೈಚಳಕವಾಗಿ ಕಂಡಿತು. ಪೀಠವು ಗಂಟರನ ಮಿತ್ರ ಹೆನ್ರಿ ಬ್ರಿಗ್ಸನ ಪಾಲಾಯಿತು. ಬ್ರಿಗ್ಸನು ಅರ್ಹನೇ, ಸಂದೇಹವಿಲ್ಲ. ಗಂಟರನನ್ನು ತಿರಸ್ಕರಿಸಿದ ಕಾರಣ ಮಾತ್ರ ನ್ಯಾಯವೆಂದು ತೋರುವುದಿಲ್ಲ.

ಅದೇ ವರ್ಷ ಲಂಡನ್ನಿನ ಗ್ರೆಷಾಮ್ ಕಾಲೇಜು ಅವನನ್ನು ಖಗೋಳಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಜಾನ್ ನೇಪಿಯರನು 1614ರಲ್ಲಿಯೇ ಲಘುಗಣಕಗಳನ್ನು ಪ್ರಕಟಿಸಿದ್ದನು. ಆದರೆ ತೂಗಾಡುವ ಹಡಗಿನಲ್ಲಿ ಕುಳಿತು ಉದ್ದುದ್ದನೆಯ ಕೋಷ್ಟಕಗಳನ್ನು ನೋಡುವುದು ನಾವಿಕನಿಗೆ ಸುಲಭವೆ? ಗಂಟರನು ಸುಮಾರು ಎರಡು ಅಡಿ ಉದ್ದದ ಪಟ್ಟಿಯ ಮೇಲೆ ಆ ಲಘುಗಣಕಗಳನ್ನೇ ಗೆರೆಗಳಾಗಿ ಇಳಿಸಿದನು. ನಿಮ್ಮ ಅಳತೆಪಟ್ಟಿಯಲ್ಲಿ ಅಂಕಿಗಳ ನಡುವಣ ಅಂತರ ಒಂದೇ ಸಮ. ಅವನ ಪಟ್ಟಿಯಲ್ಲಿ ಅದು ಮುಂದೆ ಹೋದಂತೆ ಕಿರಿದಾಗುತ್ತದೆ. 1ರಿಂದ 2ಕ್ಕೆ ಎಷ್ಟು ದೂರವೋ 2ರಿಂದ 4ಕ್ಕೂ, 4ರಿಂದ 8ಕ್ಕೂ ಅಷ್ಟೇ ದೂರ. 3ನ್ನು 2ರಿಂದ ಗುಣಿಸಬೇಕೆ? ವಿಭಾಜಕದ ಎರಡು ಮೊನೆಗಳಿಂದ 1 ಮತ್ತು 2ರ ನಡುವಣ ದೂರವನ್ನು ಹಿಡಿದು, ಒಂದು ಮೊನೆಯನ್ನು 3ರ ಮೇಲಿರಿಸಿದರೆ ಮುಂದಿನ ಮೊನೆ 6ರ ಮೇಲೆ ನಿಲ್ಲುತ್ತದೆ. ನಾವಿಕರು ಆ ಪಟ್ಟಿಯನ್ನು ಗಂಟರ್ ಎಂದೇ ಕರೆದರು. ಮುಂದೆ ವಿಲಿಯಂ ಆಟ್ರೆಡನು ಇಂತಹ ಎರಡು ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಮತ್ತೊಂದು ಜಾರುವಂತೆ ಜೋಡಿಸಿ, ವಿಭಾಜಕದ ಅಗತ್ಯವನ್ನೂ ತಪ್ಪಿಸಿದನು. 1970ರ ದಶಕದಲ್ಲಿ ಕ್ಯಾಲ್ಕುಲೇಟರ್ ಬರುವವರೆಗೂ ಎಂಜಿನಿಯರುಗಳ ಕೈಯಲ್ಲಿದ್ದುದು ಈ ಜಾರುಪಟ್ಟಿಯೇ.

ಭೂಮಿಯನ್ನಳೆಯಲು ಗಂಟರನು 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯನ್ನು ಬಳಕೆಗೆ ತಂದನು. ಹತ್ತು ಚದರ ಸರಪಳಿಗಳೆಂದರೆ ಒಂದು ಎಕರೆ. ನಮ್ಮ ರೈತರು ಲೆಕ್ಕ ಹಾಕುವ ಗುಂಟೆಯ ಬದಿ 33 ಅಡಿ, ಸರಿಯಾಗಿ ಅರ್ಧ ಸರಪಳಿ. ಅಂತಹ 40 ಗುಂಟೆ ಕೂಡಿದರೆ ಎಕರೆ.

ತನ್ನ ಉಪಕರಣಗಳ ವಿವರಣೆಯನ್ನು ಗಂಟರನು 1623ರಲ್ಲಿ ಪ್ರಕಟಿಸಿದ್ದು ಪಂಡಿತರ ಲ್ಯಾಟಿನ್ನಿನಲ್ಲಲ್ಲ, ನಾವಿಕರೂ ಭೂಮಾಪಕರೂ ಓದಬಲ್ಲ ಇಂಗ್ಲಿಷಿನಲ್ಲಿ. ಮೂರು ವರ್ಷಗಳ ತರುವಾಯ, 1626ರ ಡಿಸೆಂಬರ್ 10ರಂದು, ಗ್ರೆಷಾಮ್ ಕಾಲೇಜಿನಲ್ಲಿಯೇ ಆತನು ನಿಧನನಾದನು.