ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದರ ಹಿಂದಿರುವ ತಾಯಿಯನ್ನು ನೆನೆಯುವುದು ವಿರಳ. 1892ರಲ್ಲಿ ಮುಂಬಯಿಯಲ್ಲಿ ಜನಿಸಿದ ತಾರಾಬಾಯಿ ಮೋಡಕ್ ಅವರು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಶಿಶುಶಿಕ್ಷಣದ ಕಾರ್ಯ ಕೈಗೊಂಡರು. ಮಾಂಟೆಸರಿ ಪದ್ಧತಿ ಅಂದು ಬಹುಮಟ್ಟಿಗೆ ಉಳ್ಳವರ ಮಕ್ಕಳಿಗೇ ಮೀಸಲಾಗಿತ್ತು. ಅದನ್ನು ಬಡಮಕ್ಕಳಿಗೂ ಮುಟ್ಟಿಸಬೇಕೆಂದು ಅವರು 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ತೆರಳಿದರು.

ಬಾಲವಾಡಿಯೇನೋ ತೆರೆಯಿತು, ಕೇರಿಯ ಮಕ್ಕಳು ಬರಲಿಲ್ಲ. ತಾರಾಬಾಯಿಯವರು ತಾಯಂದಿರನ್ನು ದೂರದೆ, ಸಹೋದ್ಯೋಗಿ ಅನುತಾಯಿ ವಾಘ್ ಅವರೊಡನೆ ಶಾಲೆಯನ್ನೇ ಕೇರಿಯ ಅಂಗಳಕ್ಕೆ ಒಯ್ದರು. ಮಕ್ಕಳ ಮೈ ತೊಳೆದು, ತಲೆ ಬಾಚಿ, ಉಗುರು ಕತ್ತರಿಸುವುದೇ ಅಲ್ಲಿ ಮೊದಲ ಪಾಠ. ಹೆತ್ತವರು ಅದನ್ನು ಕಣ್ಣಾರೆ ಕಂಡರು. ಆಮೇಲೆ ಹಾಡು, ಕಥೆ, ಮಾತುಕತೆ. ಅಕ್ಷರಕ್ಕೆ ಅವಸರವಿರಲಿಲ್ಲ, ಇಂದು ಮೂರು ವರ್ಷದ ಕೂಸಿನ ಕೈಗೆ ಬಳಪ ತುರುಕುವ ನಾವು ಇದನ್ನು ಗಮನಿಸಬೇಕು. ದುಬಾರಿ ಉಪಕರಣಗಳ ಬದಲು ಬೀಜ, ಕಲ್ಲು, ಎಲೆ, ಚಿಪ್ಪುಗಳು ಎಣಿಕೆಗೆ ಒದಗಿದವು.

1957ರಲ್ಲಿ ಕೋಸಬಾಡಕ್ಕೆ ಹೋದಾಗ, ದನ ಕಾಯುವ ವಾರ್ಲಿ ಮಕ್ಕಳಿಗಾಗಿ ಶಾಲೆ ಹುಲ್ಲುಗಾವಲಿಗೂ ನಡೆಯಿತು. 1962ರಲ್ಲಿ ಪದ್ಮಭೂಷಣ ಸಂದಿತು.

1973ರಲ್ಲಿ ಅವರು ಅಗಲಿದರು. 1975ರಲ್ಲಿ ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳನ್ನು ತೆರೆಯತೊಡಗಿತು; ನಮ್ಮ ನಾಡಿನಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ.