ನಿಮ್ಹಾನ್ಸ್‌ಗೆ ಬುನಾದಿ ಹಾಕಿದ ಗೋವಿಂದಸ್ವಾಮಿ: ಚಿಕಿತ್ಸೆ, ಪ್ರಯೋಗ ಮತ್ತು ಒಪ್ಪಿಗೆಯ ಪ್ರಶ್ನೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಕಾರ್ಮಿಕ ಕುಟುಂಬವಿರಲಿ, ಮಲೆನಾಡಿನ ತೋಟದ ಮನೆಯಿರಲಿ, ಮನೆಯವರೊಬ್ಬರ ಮಾನಸಿಕ ಸ್ವಾಸ್ಥ್ಯ ತೀರಾ ಹದಗೆಟ್ಟಾಗ ಕೊನೆಗೆ ಕೇಳಿಬರುವ ಹೆಸರು ಬೆಂಗಳೂರಿನ ನಿಮ್ಹಾನ್ಸ್. ಆ ಸಂಸ್ಥೆಯ ಮೂಲರೂಪಕ್ಕೆ ಸ್ಥಾಪಕ ನಿರ್ದೇಶಕರಾಗಿದ್ದವರು ಡಾ. ಎಂ.ವಿ. ಗೋವಿಂದಸ್ವಾಮಿ. ಮನೋವೈದ್ಯರ ವಲಯದಲ್ಲಿ ಅವರ ಹೆಸರು ಚಿರಪರಿಚಿತ. ಹೊರಗಿನವರು ಮಾತ್ರ ಆಕಾಶವಾಣಿ ಖ್ಯಾತಿಯ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೆಂದು ಗೊಂದಲಪಡುವುದುಂಟು. ಗೋಪಾಲಸ್ವಾಮಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ಬೋಧಿಸಿದವರು, ಗೋವಿಂದಸ್ವಾಮಿ ರೋಗಿಗಳ ನಡುವೆ ದುಡಿದ ವೈದ್ಯರು.

ಮೈಸೂರು ಸಂಸ್ಥಾನವು ತನ್ನ ವೈದ್ಯರನ್ನು ಮನೋವೈದ್ಯಕೀಯ ಶಿಕ್ಷಣಕ್ಕಾಗಿ ವಿದೇಶಕ್ಕೆ ಕಳುಹಿಸುತ್ತಿತ್ತು. ಮೊದಲು ಲಂಡನ್ನಿಗೆ ಹೋಗಿ ಬಂದವರು ಡಾ. ಫ್ರಾಂಕ್ ನೊರೊನ್ಹಾ. ಅವರ ನಂತರ ಗೋವಿಂದಸ್ವಾಮಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿಯೂ ಅಮೆರಿಕದ ಬಾಲ್ಟಿಮೋರ್‌ನಲ್ಲಿಯೂ ತರಬೇತಿ ಪಡೆದು ಮರಳಿದರು. 1930ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೊಣೆ ಅವರ ಹೆಗಲೇರಿತು. ಆ ದಿನಗಳಲ್ಲಿ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳ ಸಂಖ್ಯೆ ಸುಮಾರು 10 ಸಾವಿರ. ಮನೋರೋಗಕ್ಕೆ ಔಷಧವೆಂಬುದೇ ಇರಲಿಲ್ಲ. ಕೂಡಿಹಾಕುವುದು, ಕಾಯುವುದು, ಇಷ್ಟೇ ಬಹುತೇಕ ಆಸ್ಪತ್ರೆಗಳ ಕೆಲಸವಾಗಿತ್ತು.

ಈ ಸ್ಥಿತಿಯನ್ನು ಗೋವಿಂದಸ್ವಾಮಿ ಒಪ್ಪಲಿಲ್ಲ. ಯೂರೋಪಿನಲ್ಲಿ ಹೊಸದಾಗಿ ಬಂದ ಚಿಕಿತ್ಸೆಗಳೆಲ್ಲವೂ ಕೆಲವೇ ವರ್ಷಗಳಲ್ಲಿ ಬೆಂಗಳೂರನ್ನು ತಲುಪಿದವು. ಇನ್ಸುಲಿನ್ ನೀಡಿ ರೋಗಿಯನ್ನು ಪ್ರಜ್ಞಾಹೀನ ಸ್ಥಿತಿಗೆ ಒಯ್ಯುವುದು, ಕಾರ್ಡಿಯಜೋಲ್ ಚುಚ್ಚಿ ಸೆಳವು ಬರಿಸುವುದು, ವಿದ್ಯುತ್ ಕಂಪನ ಚಿಕಿತ್ಸೆ, ಹೀಗೆ. ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ವರ್ಷಗಟ್ಟಲೆ ಮಾತನ್ನೇ ಆಡದ ರೋಗಿಯ ಮುಂದೆ ನಿಂತ ಅಂದಿನ ವೈದ್ಯನಿಗೆ ಅವು ಭರವಸೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದುದು ಮೆದುಳಿನ ಶಸ್ತ್ರಚಿಕಿತ್ಸೆ. ಪೋರ್ಚುಗಲ್‌ನ ಎಗಾಸ್ ಮೋನಿಜ್ 1935ರಲ್ಲಿ ಲಿಸ್ಬನ್‌ನಲ್ಲಿ ಆರಂಭಿಸಿದ ಲ್ಯುಕಾಟಮಿಯಲ್ಲಿ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸಲಾಗುತ್ತಿತ್ತು. ಮೋನಿಜ್ ಮೊದಲು ವರದಿ ಮಾಡಿದ್ದು ಕೇವಲ 20 ರೋಗಿಗಳ ಬಗ್ಗೆ. ಏಳು ಮಂದಿ ಗುಣಮುಖರಾದರು, ಏಳು ಮಂದಿ ಸುಧಾರಿಸಿದರು, ಆರು ಮಂದಿಯಲ್ಲಿ ಬದಲಾವಣೆಯಿಲ್ಲ ಎಂಬುದು ಅವರ ಲೆಕ್ಕ. ಶಸ್ತ್ರಕ್ರಿಯೆಯ ಬಳಿಕ ಆ ರೋಗಿಗಳನ್ನು ಗಮನಿಸಿದ್ದು ಕೆಲವು ವಾರಗಳಷ್ಟೇ; ಶಸ್ತ್ರಕ್ರಿಯೆಗೆ ಒಳಗಾಗದ ಅಂಥದೇ ರೋಗಿಗಳೊಂದಿಗೆ ಹೋಲಿಕೆಯೂ ಇರಲಿಲ್ಲ. ಇಷ್ಟು ತೆಳುವಾದ ಆಧಾರದ ಮೇಲೆ ಈ ವಿಧಾನ ಜಗತ್ತನ್ನೆಲ್ಲ ಹಬ್ಬಿತು. 1949ರಲ್ಲಿ ಮೋನಿಜ್‌ಗೆ ನೊಬೆಲ್ ಪ್ರಶಸ್ತಿಯೂ ಸಂದಿತು.

ಗೋವಿಂದಸ್ವಾಮಿಯವರು ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣ ರಾವ್ ಅವರೊಡಗೂಡಿ ಭಾರತೀಯ ರೋಗಿಗಳಲ್ಲಿ ನಡೆಸಿದ ಈ ಚಿಕಿತ್ಸೆಯ ವರದಿಯನ್ನು 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ, ಸಂಸ್ಥಾನದ ಒಂದು ಆಸ್ಪತ್ರೆಯಿಂದ ಅಂಥ ಪತ್ರಿಕೆಗೆ ಬರಹ ಹೋಗಿದ್ದು ಸಾಮಾನ್ಯ ಸಂಗತಿಯಲ್ಲ. ಮಾಡಿದ್ದನ್ನು ಮುಚ್ಚಿಡದೆ ಜಗತ್ತಿನ ಪರಿಶೀಲನೆಗೆ ಒಡ್ಡಿದ್ದು ಸಂಶೋಧಕನಿಗೆ ತಕ್ಕ ನಡತೆಯೇ ಸರಿ.

ಆದರೆ ರೋಗಿಯ ಒಪ್ಪಿಗೆ? ಆಗ ಜಾರಿಯಲ್ಲಿದ್ದ 1912ರ ಭಾರತೀಯ ಹುಚ್ಚರ ಕಾಯ್ದೆಯು ಆಸ್ಪತ್ರೆಗೆ ಸೇರಿಸುವ ಕ್ರಮದ ಬಗ್ಗೆ ವಿವರವಾಗಿ ಹೇಳುತ್ತಿತ್ತೇ ಹೊರತು, ಒಳಗೆ ನೀಡುವ ಚಿಕಿತ್ಸೆಗೆ ರೋಗಿಯ ಸಮ್ಮತಿ ಬೇಕೆಂದು ಹೇಳುತ್ತಿರಲಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಸ್ವಯಂಪ್ರೇರಿತ ಸಮ್ಮತಿ ಅನಿವಾರ್ಯವೆಂದು ಸಾರಿದ ನ್ಯೂರೆಂಬರ್ಗ್ ಸಂಹಿತೆ ಹೊರಬಂದದ್ದು 1947ರಲ್ಲಿ. ಹೆಲ್ಸಿಂಕಿ ಘೋಷಣೆ 1964ರಲ್ಲಿ. ಇಂದಿನ ನಿಯಮವನ್ನು ಹಿಡಿದು ಅಂದಿನ ವೈದ್ಯರನ್ನು ಕಟಕಟೆಗೆ ತರುವುದು ಸುಲಭ, ನ್ಯಾಯವಲ್ಲ. ಹಾಗೆಂದು ಆ ಹಾಸಿಗೆಯ ಮೇಲೆ ಮಲಗಿದ್ದವರನ್ನು ಮರೆಯುವುದೂ ನ್ಯಾಯವಲ್ಲ. ಕತ್ತರಿಸಿದ ನರತಂತು ಮತ್ತೆ ಕೂಡುವಂಥದ್ದಲ್ಲ.

ಸಂಶೋಧನಾ ವಿಧಾನದ ಕೊರತೆ ಎಷ್ಟು ದುಬಾರಿಯೆಂಬುದಕ್ಕೆ ಇನ್ಸುಲಿನ್ ಚಿಕಿತ್ಸೆಯೇ ನಿದರ್ಶನ. ಸುಮಾರು ಎರಡು ದಶಕ ಅದು ಸ್ಕಿಜೋಫ್ರೇನಿಯಾಕ್ಕೆ ರಾಮಬಾಣವೆನಿಸಿತ್ತು. 1957ರಲ್ಲಿ ಇಂಗ್ಲೆಂಡಿನ ವೈದ್ಯರು ಕೆಲವರಿಗೆ ಇನ್ಸುಲಿನ್‌ನಿಂದಲೂ ಕೆಲವರಿಗೆ ನಿದ್ರೆಯ ಔಷಧದಿಂದಲೂ ಪ್ರಜ್ಞೆ ತಪ್ಪಿಸಿ, ಉಳಿದ ಆರೈಕೆಯನ್ನು ಸಮನಾಗಿ ನೀಡಿ ಹೋಲಿಸಿದಾಗ ಇನ್ಸುಲಿನ್‌ಗೆ ವಿಶೇಷ ಗುಣವೇನೂ ಕಾಣಲಿಲ್ಲ. ರೋಗಿಗಳು ಚೇತರಿಸಿಕೊಂಡದ್ದಕ್ಕೆ ಬಹುಶಃ ದಾದಿಯರ ಎಡೆಬಿಡದ ಶುಶ್ರೂಷೆಯೇ ಕಾರಣವಾಗಿತ್ತು.

ಭೋರ್ ಸಮಿತಿ 1946ರಲ್ಲಿ ಮಾಡಿದ ಶಿಫಾರಸಿನ ಫಲವಾಗಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅದರ ನಿರ್ದೇಶಕತ್ವ ಗೋವಿಂದಸ್ವಾಮಿಯವರ ಪಾಲಿಗೆ ಬಂತು. ಮನೋವೈದ್ಯರಿಗೆ ಒಂದು ಡಿಪ್ಲೊಮಾ, ಚಿಕಿತ್ಸಾ ಮನೋವಿಜ್ಞಾನಿಗಳಿಗೆ ಇನ್ನೊಂದು ಡಿಪ್ಲೊಮಾ ಅಲ್ಲಿ ಮೊದಲಾದವು. ಅಳತೆ, ಪರೀಕ್ಷೆ, ದಾಖಲೆಗಳಲ್ಲಿ ಪಳಗಿದ ಮನೋವಿಜ್ಞಾನಿಯು ವೈದ್ಯನ ಪಕ್ಕದಲ್ಲಿ ಕುಳಿತು ಕೆಲಸ ಮಾಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಹೀಗೆ. ಗೋವಿಂದಸ್ವಾಮಿಯವರ ಅತಿದೊಡ್ಡ ಕೊಡುಗೆ ಯಾವುದೇ ಒಂದು ಚಿಕಿತ್ಸೆಯಲ್ಲ, ಈ ವ್ಯವಸ್ಥೆ. ಮಾನಸಿಕ ಆಸ್ಪತ್ರೆ ಮತ್ತು ಈ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಅದರ ಆವರಣದಲ್ಲಿ ಗೋವಿಂದಸ್ವಾಮಿಯವರ ಹೆಸರಿನ ಕೇಂದ್ರವೊಂದಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯ ತಿಳಿವಳಿಕೆಯುಳ್ಳ ಒಪ್ಪಿಗೆ ಮತ್ತು ಮಂಡಳಿಯ ಅನುಮತಿ ಎರಡೂ ಇಲ್ಲದೆ ಮನೋರೋಗಕ್ಕೆ ಮೆದುಳಿನ ಶಸ್ತ್ರಕ್ರಿಯೆ ಮಾಡುವಂತಿಲ್ಲ ಎನ್ನುತ್ತದೆ. ಅರಿವಳಿಕೆಯಿಲ್ಲದೆ ವಿದ್ಯುತ್ ಕಂಪನ ನೀಡುವುದನ್ನು ನಿಷೇಧಿಸಿದೆ. ಸಂಶೋಧನೆಗೆ ಒಪ್ಪಿದವರು ಯಾವ ಹಂತದಲ್ಲಿ ಬೇಕಾದರೂ ಹಿಂದೆ ಸರಿಯಬಹುದು. ಒಪ್ಪಿಗೆ ನೀಡಲು ಶಕ್ತರಲ್ಲದವರ ಕೇಸ್ ದಾಖಲೆಗಳನ್ನು ಅಧ್ಯಯನಕ್ಕೆ ಬಳಸುವುದಾದರೆ ಅವರ ಗುರುತು ಹೊರಬೀಳದಂತೆ ನೋಡಿಕೊಳ್ಳಬೇಕು. ಬೆಂಗಳೂರು ಮಾನಸಿಕ ಆಸ್ಪತ್ರೆಯ ಹಳೆಯ ರೋಗಿಗಳ ಕಡತಗಳನ್ನು ನಿಮ್ಹಾನ್ಸ್‌ನ ಸಂಶೋಧಕರು ಕೆಲವು ವರ್ಷಗಳಿಂದ ತೆರೆದು ಓದುತ್ತಿದ್ದಾರೆ.